ಹದಿನೇಳನೇ ನಂಬರಿನ ಕಾಲು

ದಾಕ್ಷಾಯಣಿ ಬಳೂರಗಿಯ ತೊಡೆಯಲ್ಲಿ ಬಲ ಇರಲಿಲ್ಲ. ಹೊಟ್ಟೆಕಿಚ್ಚಿನವರು ಹೇಳಿದ ಮಾತಲ್ಲ ಇದು, ಯಂತ್ರ ಹೇಳಿದ್ದು. ಮದ್ದಿನಹಾಳದ ಸೈಕ್ಲಿಂಗ್ ಹಾಸ್ಟೆಲಿನ ನಲವತ್ತು ಹುಡುಗಿಯರ ಪೈಕಿ ಅವಳದು ಮೂವತ್ತೊಂಬತ್ತನೆಯ ಜಾಗ. ನಲವತ್ತನೆಯವಳು ಟೈಫಾಯ್ಡ್ ಮುಗಿಸಿ ಆಗಷ್ಟೇ ಎದ್ದವಳು.

ಹಾಗಿದ್ದೂ ದಾಕ್ಷಿ ಗೆಲ್ಲುತ್ತಿದ್ದಳು. ರೇಸುಗಳು ಇನ್ನೂ ನಡೆಯುತ್ತಿದ್ದಾಗಿನ ಮಾತು. ದೊಡ್ಡ ತೊಡೆಯ ಹುಡುಗಿಯರ ಹಿಂದೆ ಗಾಳಿ ತಾಗದ ಹಾಗೆ ಅಂಟಿಕೊಂಡು ಬರುವುದು, ಅವರು ಒಬ್ಬರನ್ನೊಬ್ಬರು ನೋಡಿಕೊಳ್ಳುವ ಹೊತ್ತಿಗೆ ಪಕ್ಕದಿಂದ ನುಗ್ಗುವುದು, ಗೆದ್ದ ಮೇಲೆ ರಸ್ತೆ ಬದಿಗೆ ಬಿದ್ದು ವಾಂತಿ ಮಾಡುವುದು. ಅವಳ ಪದ್ಧತಿ ಇಷ್ಟೇ. ಗೆದ್ದ ಕಪ್ಪುಗಳು ಅವಳ ಅವ್ವ ಮಹಾದೇವಿಯ ಖಾನಾವಳಿಯಲ್ಲಿ ಉಪ್ಪಿನಕಾಯಿ ಭರಣಿಗಳ ಪಕ್ಕ ಕೂತಿದ್ದವು.

ಆಮೇಲೆ ಹೊಸದಾಗಿ ಹುಟ್ಟಿದ ಕ್ರೀಡಾಬಲ ಮಂಡಳಿ ಆಯ್ಕೆಯ ರೇಸುಗಳನ್ನು ರದ್ದು ಮಾಡಿತು. ರೇಸಿನಲ್ಲಿ ಗಾಳಿ ಓಡುತ್ತದೆ, ರಸ್ತೆ ಓಡುತ್ತದೆ, ಬೆಳಿಗ್ಗೆ ತಿಂದ ಉಪ್ಪಿಟ್ಟು ಓಡುತ್ತದೆ, ಕೋಚಿನ ಜಾತಿಯೂ ಓಡುತ್ತದೆ, ಸ್ನಾಯು ಒಂದೇ ಓಡುವುದಿಲ್ಲ ಎಂದು ಮಂಡಳಿ ಹೇಳಿತು. ಈ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಇನ್ನು ಮುಂದೆ ಆಯ್ಕೆ ಅಯಸ್ಕಾಂತದಿಂದ.

ಯಂತ್ರ ಸರಳವಾದದ್ದು. ಊಟದ ತಟ್ಟೆಯಷ್ಟು ಅಗಲದ ತಾಮ್ರದ ಸುರುಳಿ. ಅದನ್ನು ತೊಡೆಸಂದಿಯ ಮೇಲೆ ಇಟ್ಟು ಗುಂಡಿ ಒತ್ತಿದರೆ, ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಅದರಲ್ಲಿ ಭಾರೀ ಕರೆಂಟು ಹರಿದು ನಿಲ್ಲುತ್ತದೆ. ಅಷ್ಟರಲ್ಲಿ ಅಯಸ್ಕಾಂತದ ಬಲವೊಂದು ಹುಟ್ಟಿ ಸಾಯುತ್ತದೆ. ಅದು ಚರ್ಮವನ್ನೂ ಕೊಬ್ಬನ್ನೂ ದಾಟಿ ಒಳಗಿನ ನರವನ್ನು ಎಬ್ಬಿಸುತ್ತದೆ. ನರ ಎದ್ದರೆ ತೊಡೆ ಜಿಗಿಯುತ್ತದೆ. ಕಾಲಿನ ಗಿಣ್ಣಿಗೆ ಕಟ್ಟಿದ ಪಟ್ಟಿಯನ್ನು ಅದು ಎಷ್ಟು ಕಿಲೋ ಎಳೆಯಿತು ಎಂಬುದು ಪರದೆಯ ಮೇಲೆ ಬರುತ್ತದೆ. ಬರಿಯ ಕರೆಂಟು ಕೊಟ್ಟರೆ ಚರ್ಮ ಚುರ್ರೆನ್ನುತ್ತದೆ, ಇದರಲ್ಲಿ ಅದೂ ಇಲ್ಲ. ಮನಸ್ಸಂತೂ ಬೇಕೇ ಇಲ್ಲ. ಪ್ರಯೋಗಾಲಯದಲ್ಲಿ ಆಗಷ್ಟೇ ಕತ್ತು ಮುರಿದ ಕೋಳಿಯ ಕಾಲೂ ಜಿಗಿದಿತ್ತು.

ಹಾಸ್ಟೆಲಿನ ಹುಡುಗಿಯರು ಈ ಯಂತ್ರದ ಕುರ್ಚಿಗೆ ‘ಅತ್ತಿ’, ಅಂದರೆ ಅತ್ತೆ, ಎಂದು ಹೆಸರಿಟ್ಟಿದ್ದರು. ಕೇಳದೆ ಕೆಲಸ ತೆಗೆಯುತ್ತದೆ, ಅದಕ್ಕೆ.

ಪಾಸಾಗುವ ಗೆರೆಯನ್ನು ಒಂಬತ್ತು ಕಿಲೋಕ್ಕೆ ಹಾಕಿದ್ದರು. ದಾಕ್ಷಿ ಏಳು. ಮಂಡಳಿ ಒಂದು ಅವಕಾಶ ಕೊಡುತ್ತದೆ. ಮುಂದಿನ ಪರೀಕ್ಷೆಯಲ್ಲೂ ಗೆರೆಯ ಕೆಳಗಿದ್ದರೆ ಹಾಸಿಗೆ ಸುತ್ತಿಕೊಂಡು ಮನೆಗೆ. ಹಾಸ್ಟೆಲ್ ಬಿಟ್ಟರೆ ಅದರ ಜೊತೆಗಿನ ಕಾಲೇಜೂ ಹೋಯಿತು, ದಿನಾ ಬೆಳಿಗ್ಗೆಯ ಮೊಟ್ಟೆ ಹಾಲೂ ಹೋಯಿತು, ಮುಂದೆ ಆಟದ ಲೆಕ್ಕದಲ್ಲಿ ಸಿಗಬಹುದಾದ ರೈಲ್ವೆ ಕೆಲಸವೂ ಹೋಯಿತು. ಉಳಿಯುವುದು ಖಾನಾವಳಿಯ ಒಲೆ. ದಾಕ್ಷಿ ಹತ್ತನೇ ವಯಸ್ಸಿನಿಂದ ಸೈಕಲ್ಲಿನ ಮೇಲೆ ರೊಟ್ಟಿ ಹಂಚಿದವಳು. ರೊಟ್ಟಿಯ ವಾಸನೆಗೇ ಅವಳಿಗೆ ವಾಕರಿಕೆ.

ಹಾಸ್ಟೆಲಿನಲ್ಲಿ ‘ಬದಲಿ’ ಎಂಬ ಪದ್ಧತಿ ಇತ್ತು. ಮುಂಜಾನೆಯ ಹಾಜರಿಯಲ್ಲಿ ಮಲಗಿದವಳ ಹೆಸರಿಗೆ ಎದ್ದವಳು ‘ಪ್ರೆಸೆಂಟ್ ಸರ್’ ಎನ್ನುವುದು. ತೂಕ ಕಡಿಮೆ ಇದ್ದವಳ ಬದಲು ದಪ್ಪಗಿದ್ದವಳು ತಕ್ಕಡಿ ಹತ್ತುವುದು. ಅದನ್ನು ಸುಳ್ಳು ಎಂದು ಯಾರೂ ಅಂದುಕೊಂಡಿರಲಿಲ್ಲ. ಹಿಂದಿನ ವರ್ಷ ರಕ್ತಪರೀಕ್ಷೆಗೆ ಬಂದಾಗ ಕಸ್ತೂರಿ ರಾಠೋಡಳ ರಕ್ತದಲ್ಲಿ ಕಬ್ಬಿಣ ಕಡಿಮೆ ಇತ್ತು. ಅವಳ ಹೆಸರಿಗೆ ಬೆರಳು ಕೊಟ್ಟವಳು ದಾಕ್ಷಿ.

ಕಸ್ತೂರಿ ತಾಂಡಾದ ಹುಡುಗಿ, ಪಕ್ಕದ ಹಾಸಿಗೆಯವಳು. ಹದಿನಾಲ್ಕು ಕಿಲೋ. ರಾಜ್ಯದ ಎಲ್ಲಾ ಹಾಸ್ಟೆಲುಗಳಲ್ಲಿ ಅಂಥ ತೊಡೆ ಇನ್ನೊಂದಿರಲಿಲ್ಲ. ರೇಸುಗಳಿದ್ದಾಗ ಒಂದನ್ನೂ ಗೆದ್ದವಳಲ್ಲ. ಅರ್ಧ ದಾರಿಗೆ ಅವಳಿಗೆ ಬೇಸರ ಬರುತ್ತಿತ್ತು.

“ಈ ಸಲ ನಾ ಕೂಡ್ತೀನಿ ನಿನ್ನ ಹೆಸರಿಗೆ,” ಎಂದಳು ಕಸ್ತೂರಿ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ತಲೆ ಒಣಗಿಸುತ್ತಿದ್ದಳು.

“ಗೊತ್ತಾದ್ರ ಇಬ್ರೂ ಮನಿಗೆ. ಗ್ವಾಡಿ ಮ್ಯಾಲ ಬರ್ದು ಹಚ್ಯಾರ.”

“ಹೆಂಗ ಗೊತ್ತಾಗ್ತದ? ಮಾರಿ ನೋಡಂಗಿಲ್ಲ ಅವ್ರು. ಎದಿ ಮ್ಯಾಲಿನ ನಂಬರ್ ಅಷ್ಟ. ಮೊದ್ಲ ನಿನ್ನ ಹದಿನೇಳು ಹಾಕ್ಕೊಂಡು ಕೂಡ್ತೀನಿ, ಆಮ್ಯಾಲ ನನ್ನ ಇಪ್ಪತ್ಮೂರು.”

“ಖರೇ ಅದ. ಆದ್ರ ಹದಿನಾಲ್ಕು ಬರಬಾರದವ್ವಾ. ಏಳು ಇದ್ದಾಕಿಗೆ ಹದಿನಾಲ್ಕು ಬಂದ್ರ ಯಾರರ ನಂಬ್ತಾರೇನು? ಒಂಬತ್ತೂವರಿ, ಹತ್ತು, ಅಷ್ಟ ಸಾಕು. ಸ್ವಲ್ಪ ಹಗುರಾಗಿ ಕೂಡು.”

“ಹಗುರಾಗಿ ಕೂಡೂದು ನನಗೇನು ಕಲಿಸ್ತಿ?” ಎಂದು ಕಸ್ತೂರಿ ನಕ್ಕಳು. “ಹುಟ್ಟಿದಾಗಿಂದ ಹಗುರಾಗೇ ಕುಂತೀನಿ.”

ಮುಖ ನೋಡದ ನಿಯಮ ಡಾಕ್ಟರ್ ವೈಜಯಂತಿ ಮುತಾಲಿಕರದು. ಯಂತ್ರ ಅವರದೇ ಸೃಷ್ಟಿ. ಧಾರವಾಡದ ಪ್ರಯೋಗಾಲಯದಲ್ಲಿ ಹತ್ತು ವರ್ಷ ಅದರ ಹಿಂದೆ ಬಿದ್ದು ಮದುವೆ ಗಿದುವೆ ಮರೆತವರು ಎಂದು ಕೋಚ್ ಮನಗೂಳಿ ಸರ್ ಹುಡುಗಿಯರಿಗೆ ಹೇಳಿದ್ದರು. ಹೆಸರು ಕಂಡರೆ ಕೈ ಸಡಿಲಾಗುತ್ತದೆ, ಮುಖ ಕಂಡರೆ ಇನ್ನೂ ಸಡಿಲಾಗುತ್ತದೆ ಎಂಬುದು ಡಾಕ್ಟರ್ ಮುತಾಲಿಕರ ನಂಬಿಕೆ. ಅದಕ್ಕೇ ಪರೀಕ್ಷೆಯ ದಿನ ಕೋಚಿಗೆ ಒಳಗೆ ಪ್ರವೇಶ ಇಲ್ಲ. ಸುರುಳಿಯ ಪಟಪಟ ಸದ್ದಿಗೆ ಬೆಚ್ಚಬಾರದೆಂದು ಹುಡುಗಿಯ ಕಿವಿಗೆ ದಪ್ಪ ಮುಚ್ಚಳ, ಕಣ್ಣಿಗೆ ಕಪ್ಪು ಪಟ್ಟಿ. ಎಲ್ಲರದೂ ಒಂದೇ ಚಡ್ಡಿ, ಒಂದೇ ಕತ್ತರಿಸಿದ ಕೂದಲು. ಗಾಜಿನಾಚೆ ಕೂತ ಡಾಕ್ಟರಿಗೆ ಕಾಣುವುದು ಒಂದು ನಂಬರು, ಒಂದು ತೊಡೆ.

ಹದಿನೇಳನೇ ನಂಬರು ಬಂದು ಕೂತಿತು. ಡಾಕ್ಟರ್ ಗುಂಡಿ ಒತ್ತಿದರು. ತೊಡೆ ಜಿಗಿಯಿತು. ಪರದೆಯ ಮೇಲೆ ಗೆರೆಯೊಂದು ಬೆಟ್ಟದ ಹಾಗೆ ಎದ್ದು ಇಳಿಯಿತು. ಹದಿಮೂರು ಪಾಯಿಂಟ್ ಒಂಬತ್ತು.

ಡಾಕ್ಟರ್ ಇನ್ನೂ ಎರಡು ಸಲ ಒತ್ತಿದರು. ಅದೇ ಬಂತು.

ಹದಿನೇಳನೆಯ ಹಿಂದಿನ ಅಂಕೆ ಏಳು ಎಂಬುದು ಅವರ ಮುಂದೆಯೇ ಇತ್ತು. ಮೂರು ತಿಂಗಳ ಕುರ್ಚಿ ತರಬೇತಿಯಲ್ಲಿ ಬಲ ಎರಡರಷ್ಟಾಗಿದೆ. ಅಂಥದ್ದು ಆಗಬಹುದು ಎಂದು ಅವರು ಐದು ವರ್ಷದ ಹಿಂದೆ ಬರೆದಿದ್ದರು, ಯಾರೂ ಒಪ್ಪಿರಲಿಲ್ಲ. ಅವರು ಎದ್ದು ನಿಂತರು, ನೀರು ಕುಡಿದರು, ಮತ್ತೆ ಕೂತರು. ಗಾಜು ದಾಟಿ ಹೋಗಿ ಆ ಕಪ್ಪು ಪಟ್ಟಿ ತೆಗೆದು ಮುಖ ನೋಡಬೇಕು ಎಂದು ಅವರಿಗೆ ಅನ್ನಿಸಿತು. ತಾವೇ ಮಾಡಿದ ನಿಯಮ ಅದು. ಮುರಿಯಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಇಪ್ಪತ್ಮೂರನೇ ನಂಬರು ಬಂದು ಕೂತಿತು. ಹದಿನಾಲ್ಕು. ಅದು ಯಾವಾಗಲೂ ಹದಿನಾಲ್ಕೇ.

ಬಚ್ಚಲು ಮನೆಯಲ್ಲಿ ನಂಬರಿನ ಬನಿಯನ್ನು ಬಿಚ್ಚುತ್ತಾ ಕಸ್ತೂರಿ ಹೇಳಿದಳು: “ಹಗುರಾಗೇ ಕುಂತಿದ್ದೆ ಲೇ. ಅತ್ತಿ ಕೇಳಲಿಲ್ಲ. ಕಾಲು ತಾನ ಹಾರ್ತದ, ನಾ ಏನು ಮಾಡ್ಲಿ?”

“ಎಷ್ಟು ಬಂತು?”

“ನನ್ನಷ್ಟ.”

ದಾಕ್ಷಿ ಗೋಡೆಗೆ ಒರಗಿದಳು. ತಡೆದು ಕೊಡುವುದು, ಮುಚ್ಚಿಟ್ಟುಕೊಳ್ಳುವುದು, ಅಷ್ಟಿಷ್ಟು ಮಾಡಿ ಪಾರಾಗುವುದು, ಇದೆಲ್ಲ ಮನಸ್ಸಿನ ಕೆಲಸ. ಆ ಕುರ್ಚಿಯಲ್ಲಿ ಮನಸ್ಸಿಗೆ ಕೆಲಸವಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಗೊತ್ತಿದ್ದೂ ಹಳೆಯ ಚಾಳಿಯಲ್ಲಿ ಲೆಕ್ಕ ಹಾಕಿದ್ದರು.

ಸಂಜೆ ಫಲಿತಾಂಶ ಹಚ್ಚಿದಾಗ ಮನಗೂಳಿ ಸರ್ ದಾಕ್ಷಿಯ ಬೆನ್ನಿಗೆ ಗುದ್ದಿದರು. “ಏನು ತಿಂದಿಯವ್ವಾ ಮೂರು ತಿಂಗಳು? ನಿಮ್ಮವ್ವನ ರೊಟ್ಟಿ ಹಾಸ್ಟೆಲಿಗೆಲ್ಲಾ ತರಸ್ಬೇಕು ನೋಡು.” ಹಾಸ್ಟೆಲಿಗೆ ಒಂದೇ ಜಾಗವಿದ್ದ ರಾಷ್ಟ್ರೀಯ ಶಿಬಿರದ ಪಟ್ಟಿಯಲ್ಲಿ ಕಸ್ತೂರಿಯ ಹೆಸರಿತ್ತು. ಮುಂದಿನ ವಾರದ ಗುರುವಾರ ರೈಲು. ದಾಕ್ಷಿಯ ಹೆಸರು ಕಾಯುವವರ ಪಟ್ಟಿಯಲ್ಲಿ ಮೊದಲನೆಯದು. ಗೆರೆ ದಾಟಿದ್ದಳು. ಹಾಸಿಗೆ ಉಳಿಯಿತು.

ಪರೀಕ್ಷೆಯ ಕುರ್ಚಿ ಬೇರೆ, ತರಬೇತಿಯ ಕುರ್ಚಿ ಬೇರೆ. ತರಬೇತಿಯಲ್ಲಿ ಸುರುಳಿ ತೊಡೆಯ ಸುತ್ತ ಕೂತು ಸ್ನಾಯುವನ್ನು ಬಿಗಿ ಹಿಡಿಸುತ್ತದೆ. ಹಿಡಿದ ಹೊತ್ತಿಗೇ ಕಬ್ಬಿಣದ ತೋಳೊಂದು ಮೊಣಕಾಲನ್ನು ಮಡಚುತ್ತದೆ. ಬಿಗಿದ ಸ್ನಾಯುವನ್ನು ಎಳೆದು ಬಿಚ್ಚುವ ಕೆಲಸ. ಎಳೆಗಳು ಸಣ್ಣಗೆ ಹರಿಯುತ್ತವೆ. ಹರಿದದ್ದು ಕೂಡುವಾಗ ದಪ್ಪವಾಗಿ ಕೂಡುತ್ತದೆ. ಎಷ್ಟು ಹರಿಯಬೇಕು ಎಂಬುದನ್ನು ಗಡಿಯಾರ ನಿರ್ಧರಿಸುವುದಿಲ್ಲ. ಆ ನಂಬರಿನ ಬಲ ನೋಡಿ ಯಂತ್ರವೇ ಇಷ್ಟು ಕೆಲಸ ಎಂದು ಗೊತ್ತು ಮಾಡುತ್ತದೆ. ಅಷ್ಟಾಗುವ ತನಕ ಪಟ್ಟಿ ಬಿಚ್ಚುವುದಿಲ್ಲ.

ಫಲಿತಾಂಶದ ಮರುದಿನ, ಹೊಸ ಅಂಕೆಯ ಮೊದಲ ದಿನ, ಕಸ್ತೂರಿ ಎದ್ದುಹೋಗಿ ಸ್ನಾನ ಮಾಡಿ, ತಿಂಡಿ ತಿಂದು ಬಂದರೂ ದಾಕ್ಷಿ ಕುರ್ಚಿಯಲ್ಲೇ ಇದ್ದಳು. ಪರದೆಯ ಮೇಲೆ ಹಳದಿ ಅಕ್ಷರ: ಸುರುಳಿ ಸರಿದಿದೆ, ಬಿಗಿ ಮಾಡಿ. ಈ ನಂಬರಿನ ತೊಡೆ ಎಳೆಯಬೇಕಾದಷ್ಟು ಎಳೆಯುತ್ತಿಲ್ಲವಲ್ಲ, ಹಾಗಾದರೆ ಸುರುಳಿ ಜಾಗದಲ್ಲಿಲ್ಲ. ಯಂತ್ರದ ತರ್ಕ ಅದು. ಎದುರಿಗಿದ್ದ ಕಾಲಿಗಿಂತ ತನ್ನೊಳಗೆ ಬರೆದಿಟ್ಟ ಅಂಕೆಯ ಮೇಲೆ ಅದಕ್ಕೆ ಹೆಚ್ಚು ನಂಬಿಕೆ.

ಮನಗೂಳಿ ಸರ್ ಪಟ್ಟಿ ಬಿಗಿದರು. ಹಳದಿ ಅಕ್ಷರ ಹೋಗಲಿಲ್ಲ. ಇನ್ನೊಂದು ಸಲ ಬಿಗಿದರು. ಮೂರನೆಯ ದಿನ ಧಾರವಾಡಕ್ಕೆ ಫೋನ್ ಮಾಡಿದರು.

ಡಾಕ್ಟರ್ ಮುತಾಲಿಕರ ಕೋಣೆಯಲ್ಲಿ ಎಲ್ಲಾ ಹಾಸ್ಟೆಲುಗಳ ಕುರ್ಚಿಗಳೂ ಗೋಡೆಯ ಪರದೆಯ ಮೇಲೆ ಚುಕ್ಕಿಗಳಾಗಿ ಮಿನುಗುತ್ತಿದ್ದವು. ಹದಿನೇಳು ಮಾತ್ರ ಹಳದಿ. ಆ ತಿಂಗಳ ಕೊನೆಗೆ ಮಂಡಳಿಯ ಮುಂದೆ ಅವರು ತೋರಿಸಲಿದ್ದ ಮೊದಲ ಚಿತ್ರವೇ ಹದಿನೇಳರದು.

“ಅರ್ಧಾನೂ ಬರವಲ್ದು ಮೇಡಂ,” ಎಂದರು ಮನಗೂಳಿ ಸರ್. “ಸುರುಳಿ ಸರಿ ಅದ. ಪಟ್ಟಿ ಇನ್ನಾ ಬಿಗದ್ರ ಕಾಲು ಕಡೀತದ.”

“ಸ್ನಾಯು ಮೂರು ದಿನದಾಗ ಅರ್ಧ ಆಗೂದಿಲ್ರೀ. ಜ್ವರ ಗಿರ ಬಂದದೇನು? ಹುಡುಗಿ ಕಡೆ ಕೊಡ್ರಿ ಫೋನ್.”

ದಾಕ್ಷಿ ಕುರ್ಚಿಯಲ್ಲಿದ್ದ ಹಾಗೆಯೇ ಫೋನ್ ಹಿಡಿದಳು.

“ಹದಿನೇಳು ಏನವ್ವಾ? ಹೆಸರೇನು ನಿಂದು?”

“ದಾಕ್ಷಾಯಣಿ, ಮೇಡಂ.”

“ದಾಕ್ಷಾಯಣಿ, ಪರೀಕ್ಷಾ ದಿನ ನೀನೇ ಕೂತಿದ್ಯಲ್ಲಾ?”

ಕುರ್ಚಿ ಅವಳ ಮೊಣಕಾಲನ್ನು ಒಮ್ಮೆ ಮಡಚಿತು. ಪಕ್ಕದ ಕುರ್ಚಿಯಲ್ಲಿ ಕಸ್ತೂರಿ ಕಣ್ಣು ಮುಚ್ಚಿಕೊಂಡಿದ್ದಳು, ನಿದ್ದೆ ಬಂದವಳ ಹಾಗೆ.

“ಹೂಂ ಮೇಡಂ. ನಾನೇ.”

“ಜ್ವರ?”

“ಇಲ್ಲ ಮೇಡಂ.”

“ನೋವು?”

“ಅಷ್ಟೇನಿಲ್ಲ ಮೇಡಂ.”

ಡಾಕ್ಟರ್ ಮುತಾಲಿಕ್ ಗೋಡೆಯ ಮೇಲಿನ ಹಳದಿ ಚುಕ್ಕಿಯನ್ನು ನೋಡಿದರು. ಮದ್ದಿನಹಾಳಕ್ಕೆ ಹೋಗಿ ಇನ್ನೊಮ್ಮೆ ಪರೀಕ್ಷೆ ಮಾಡಬಹುದಿತ್ತು. ಅಂಕೆ ತಪ್ಪಿದ್ದರೆ ಮಂಡಳಿಯ ಮುಂದೆ ತೋರಿಸಲು ಏನೂ ಉಳಿಯುತ್ತಿರಲಿಲ್ಲ. ಅವರು ಆ ಯೋಚನೆಯನ್ನು ಪೂರ್ತಿ ಮಾಡಲಿಲ್ಲ. ಫೋನ್ ಕೋಚಿಗೆ ಕೊಡಲು ಹೇಳಿದರು.

“ಹುಡುಗಿ ತೊಡಿ ಮ್ಯಾಲ ಕೊಬ್ಬು ಹೆಚ್ಚಿರಬೇಕು, ಅದಕ್ಕ ಒಳಗ ಮುಟ್ಟವಲ್ದು. ನಾ ಇಲ್ಲಿಂದನ ಶಕ್ತಿ ಏರಸ್ತೀನಿ. ಹಳದಿ ಬಂದ್ರ ನಿಲ್ಲಸಬ್ಯಾಡ್ರಿ, ಮುಂದುವರಸ್ರಿ.”

ಚುಕ್ಕಿ ಹಸಿರಾಯಿತು. ಕೊಬ್ಬಿದೆ ಎಂದರೆ ಕಡಿಮೆ ಎಳೆತವನ್ನೂ ಯಂತ್ರ ಒಪ್ಪಿಕೊಳ್ಳುತ್ತದೆ. ಆದರೆ ಮಾಡಬೇಕಾದ ಕೆಲಸ ಹದಿನಾಲ್ಕು ಕಿಲೋದ ತೊಡೆಯದೇ. ದಾಕ್ಷಿಯ ತೊಡೆಯಲ್ಲಿ ಕೊಬ್ಬು ಇರಲಿಲ್ಲ. ಇರುವಷ್ಟು ಸ್ನಾಯುವೆಲ್ಲ ಮೊದಲ ಹೊಡೆತಕ್ಕೇ ಎದ್ದು ನಿಲ್ಲುತ್ತಿತ್ತು. ಇನ್ನೂ ಏಳಲು ಒಳಗೆ ಏನೂ ಉಳಿದಿರಲಿಲ್ಲ. ಕುರ್ಚಿ ಎಬ್ಬಿಸುತ್ತಲೇ ಇತ್ತು.

ಭಾನುವಾರ ಅವಳು ಮನೆಗೆ ಹೋದಳು. ಬಸ್ಸಿನ ಮೆಟ್ಟಿಲಿಳಿಯಲು ಕಂಡಕ್ಟರ್ ಕೈ ಹಿಡಿದ. “ಏನಕ್ಕಾ, ಸೈಕಲ್ ಬಿಟ್ಟು ಬಸ್ಸಿಗೆ ಬಂದ್ರ ಹಿಂಗ ಆಗೂದು,” ಎಂದು ನಗೆಯಾಡಿದ.

ಖಾನಾವಳಿ ಮಧ್ಯಾಹ್ನದ ಗಿರಾಕಿಗಳಿಂದ ತುಂಬಿತ್ತು. ಮಹಾದೇವಿ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಮಗಳು ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂರಲು ಹೋಗಿ, ಆಗದೆ, ಧೊಪ್ಪನೆ ಕುಂಡೆಯ ಮೇಲೆ ಬಿದ್ದಳು.

“ಇದೇನವ್ವಾ ಮುದುಕಿ ಆಗಿ ಬಂದಿ?”

“ಟ್ರೇನಿಂಗ್ ಜೋರು ಅದ ಅವ್ವಾ.”

ಗಿರಾಕಿಗಳು ಹೋದ ಮೇಲೆ ಮಹಾದೇವಿ ಒಳಕೋಣೆಯಲ್ಲಿ ಚಾಪೆ ಹಾಕಿ ಮಗಳನ್ನು ಮಲಗಿಸಿದಳು. ಎಣ್ಣೆ ಬಿಸಿ ಮಾಡಿ ತಂದಳು. ತೊಡೆಗಳನ್ನು ನೋಡಿ ಅವಳ ಕಣ್ಣು ಅಗಲವಾದವು. ಎರಡೂ ಉಬ್ಬಿ, ಚರ್ಮ ಬಿಗಿದು ಮಿರಿಮಿರಿ ಹೊಳೆಯುತ್ತಿದ್ದವು. ಬೆರಳು ಒತ್ತಿದರೆ ಒಳಗೆ ಹೋಗುತ್ತಿರಲಿಲ್ಲ.

“ಯವ್ವಾ, ಎಷ್ಟು ಗಟ್ಟಿ ಆಗ್ಯಾವ! ಕಲ್ಲು ಆದಂಗ ಆಗ್ಯಾವ ನೋಡು. ಅದೇನೋ ಕುರ್ಚಿ ಅಂದ್ಯಲ್ಲಾ, ಅದರದ್ದು ಖರೇನ ಗುಣ ಐತಲ್ಲ!”

“ಅವ್ವಾ, ಹಗುರ...”

“ಸುಮ್ನಿರು. ಗಂಟು ಬಿಡಬೇಕಂದ್ರ ಒತ್ತಬೇಕು.”

ದಿನಕ್ಕೆ ನೂರಾರು ರೊಟ್ಟಿಗೆ ಹಿಟ್ಟು ನಾದುವ ಕೈ ಅದು. ಮಹಾದೇವಿ ಆ ತೊಡೆಗಳನ್ನು ಹಿಟ್ಟು ನಾದಿದ ಹಾಗೆಯೇ ನಾದಿದಳು, ಪ್ರೀತಿಯಿಂದ, ಅಂಗೈಯ ಬುಡವನ್ನು ಊರಿ. ಒಡೆದಿದ್ದ ಸ್ನಾಯು ಇನ್ನಷ್ಟು ಒಡೆಯಿತು. ದಾಕ್ಷಿ ಬಾಯಲ್ಲಿ ಸೆರಗು ತುರುಕಿಕೊಂಡಳು, ಅವ್ವನದೇ ಸೆರಗು.

ಸಂಜೆ ಬಚ್ಚಲಿಗೆ ಹೋದಾಗ ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗಿತ್ತು. ಅವಳು ಚೊಂಬು ತುಂಬ ನೀರು ಹಾಕಿ ತೊಳೆದಳು.

ಹೊರಡುವಾಗ ಅವ್ವ ಕೇಳಿದಳು: “ಊಟ ಬಿಟ್ಟು ಬಿಟ್ಟಿ. ಮಾರಿ ಬಾತದ. ಇಲ್ಲೇ ಇದ್ದು ಬಿಡ್ತೀಯೇನು? ನನಗೂ ಕೈ ಹಿಡಿಯಾಕ ಒಬ್ಬರು ಬೇಕಾಗ್ಯಾರ.”

ಆ ಮಾತು ಕೇಳಿದ್ದೇ ದಾಕ್ಷಿ ಚಪ್ಪಲಿ ಮೆಟ್ಟಿಕೊಂಡಳು.

ಸೋಮವಾರ ಮನಗೂಳಿ ಸರ್ ಟೇಪು ಹಿಡಿದು ಎಲ್ಲರ ತೊಡೆಯ ಸುತ್ತಳತೆ ತೆಗೆದರು. ಹದಿನೇಳರದು ಎರಡು ಇಂಚು ಏರಿತ್ತು. ಅವರು ಸಾಲಾಗಿ ನಿಂತ ಹುಡುಗಿಯರಿಗೆ ಅವಳನ್ನು ತೋರಿಸಿದರು. “ನೋಡ್ರಿ ಇಲ್ಲೆ. ಇದಕ್ಕ ಅಂತಾರ ದುಡಿಮಿ. ಉಳಿದಾವು ಬರೇ ಮೊಟ್ಟಿ ತಿನ್ನಾಕ ಬಂದಾವು.”

ಆ ದಿನ ಕುರ್ಚಿಯಿಂದ ಎದ್ದು ಬಂದ ಮೇಲೆ ದಾಕ್ಷಿ ಕಸ್ತೂರಿಯನ್ನು ಪಾಯಖಾನೆಗೆ ಕರೆದುಕೊಂಡು ಹೋಗಿ ತೋರಿಸಿದಳು. ಪ್ಲಾಸ್ಟಿಕ್ ಮಗ್ಗಿನಲ್ಲಿ ಹಿಡಿದಿಟ್ಟಿದ್ದಳು. ತಳದಲ್ಲಿ ಸ್ವಲ್ಪವೇ ಇತ್ತು.

ಕಸ್ತೂರಿ ಮಗ್ಗನ್ನು ನೋಡಿದಳು, ಬಾಗಿಲ ಕಡೆ ನೋಡಿದಳು.

“ಏನಿದು? ಹೊರಗ ಕುಂತೀಯೇನು?”

“ಇಲ್ಲ. ಮೂತ್ರನೇ. ನಿನ್ನಿಯಿಂದ ಹಿಂಗ. ಈಗ ಸರಿಯಾಗಿ ಬರೂದೂ ಇಲ್ಲ.”

“ನೀರು ಕುಡೀಬೇಕಿತ್ತು.”

“ಕುಡದ್ರ ವಾಂತಿ ಆಗ್ತದ. ಕಸ್ತೂರಿ, ಆ ಕುರ್ಚಿ ನಿನ್ನ ಲೆಕ್ಕದ್ದು. ನನ್ನ ಕಾಲು ತಡಿಯಂಗಿಲ್ಲ. ಸರ್‌ಗೆ ಹೇಳಿಬಿಡೂಣು.”

“ಏನಂತ ಹೇಳ್ತಿ?”

“ನೀ ಕುಂತಿದ್ದಿ ಅಂತ.”

ಕಸ್ತೂರಿ ಮಗ್ಗನ್ನು ಅವಳ ಕೈಯಿಂದ ತೆಗೆದುಕೊಂಡು ಚೆಲ್ಲಿದಳು. ನಲ್ಲಿ ಬಿಟ್ಟಳು.

“ಗುರುವಾರ ನನ್ನ ರೈಲು. ನಮ್ಮ ತಾಂಡಾದಾಗ ಇಲ್ಲೀತನಕ ಯಾರೂ ಊರು ಬಿಟ್ಟಿಲ್ಲ, ಕಬ್ಬು ಕಡಿಯಾಕ ಹೋಗೂದು ಬಿಟ್ಟು. ಈಗ ಬಿಟ್ರ ನಿನ್ನ ಮತ್ತ ಪರೀಕ್ಷಾಕ್ಕ ಕೂಡಸ್ತಾರ, ನೀ ಮೂರು ದಿನ ತಡಿ. ನಾ ರೈಲು ಹತ್ತತೀನಿ. ಆಮ್ಯಾಲ ನೀ ಕಾಲು ನೋವು ಅಂತ ಹೇಳು, ಕುರ್ಚಿ ಬಿಡ್ತಾರ. ನಾ ಶಿಬಿರ ಮುಟ್ಟೂತನಕ ನನ್ನ ಹೆಸರು ತಗೀಬ್ಯಾಡ ಅಷ್ಟ.”

“ಮೂರು ದಿನ ಅಂದ್ರ ಮೂರು ಸಲ ಕೂಡಬೇಕು.”

“ನಿನಗಾಗೇ ಕುಂತಿದ್ದಲ್ಲ ನಾ? ಅದಕ್ಕ ನಿನ್ನ ಕಡೆ ಏನರ ಬೇಡಿದ್ದೆನೇನು?”

ಬೇಡಿರಲಿಲ್ಲ. ರೇಸಿನಲ್ಲಿ ದಾಕ್ಷಿಗೆ ಗೊತ್ತಿದ್ದದ್ದು ಒಂದೇ ಕೆಲಸ, ಇರುವುದನ್ನೆಲ್ಲ ಕೊಟ್ಟು ಆಮೇಲೆ ಬೀಳುವುದು. ಮೂರು ದಿನ ಎಂದರೆ ಅವಳ ಲೆಕ್ಕದಲ್ಲಿ ಕೊನೆಯ ಏರು.

“ಆತು,” ಎಂದಳು.

ಮಂಗಳವಾರ ಕೂತಳು. ಬುಧವಾರ ಇಬ್ಬರು ಹುಡುಗಿಯರು ಹೆಗಲು ಕೊಟ್ಟು ಕೂರಿಸಿದರು. ಮುಖ ಹಲಸಿನ ತೊಳೆಯ ಹಾಗೆ ಊದಿತ್ತು. ಮನಗೂಳಿ ಸರ್ ಒಂದು ಕ್ಷಣ ತಡೆದು, “ಇವತ್ತು ಬಿಡಲೇನು?” ಎಂದು ಕೇಳಿದರು. ಅವಳು ಬೇಡ ಎಂದು ತಲೆಯಾಡಿಸಿದಳು. ಅವರಿಗೆ ಹೆಮ್ಮೆಯಾಯಿತು.

ಗುರುವಾರ ಬೆಳಿಗ್ಗೆ ಕಸ್ತೂರಿಯನ್ನು ರೈಲಿಗೆ ಬಿಡಲು ಹಾಸ್ಟೆಲಿನ ಜೀಪು ಹೋಯಿತು. ಅದೇ ಹೊತ್ತಿಗೆ ದಾಕ್ಷಿ ಕುರ್ಚಿಯಲ್ಲಿ ಪ್ರಜ್ಞೆ ತಪ್ಪಿದಳು. ಸುರುಳಿ ಬಡಿಯುತ್ತಲೇ ಇತ್ತು, ತೊಡೆ ಜಿಗಿಯುತ್ತಲೇ ಇತ್ತು. ಅವಳಿಗೆ ಎಚ್ಚರ ಇಲ್ಲ ಎಂಬುದು ಯಾರಿಗೂ ಕೂಡಲೇ ಗೊತ್ತಾಗಲಿಲ್ಲ. ಗೊತ್ತಾದ ಮೇಲೂ ಜೀಪು ಬರುವ ತನಕ ಕಾಯಬೇಕಾಯಿತು.

ದೊಡ್ಡಾಸ್ಪತ್ರೆಯ ವೈದ್ಯರು ನೋಡಿದ ತಕ್ಷಣ ಹೇಳಿದರು. ಸ್ನಾಯು ಒಡೆದು ಅದರೊಳಗಿನ ಕೆಂಪು ಬಣ್ಣ ರಕ್ತಕ್ಕೆ ಸೇರಿದೆ, ಕೆಸರು ಕಟ್ಟಿದ ಜರಡಿಯ ಹಾಗೆ ಮೂತ್ರಪಿಂಡಗಳು ಮುಚ್ಚಿವೆ. ಆದರೆ ಯಾಕೆ? ಅವರು ಧಾರವಾಡಕ್ಕೆ ಫೋನ್ ಮಾಡಿದರು. ಡಾಕ್ಟರ್ ಮುತಾಲಿಕ್ ಕಡತ ತೆಗೆದು ಎರಡು ಸಲ ನೋಡಿ, ಹದಿನಾಲ್ಕು ಕಿಲೋದ ತೊಡೆಗೆ ಇದು ಸರಿಯಾದ ಪ್ರಮಾಣವೇ, ಕುರ್ಚಿಯಿಂದ ಆಗಿದ್ದಲ್ಲ ಎಂದರು. ಹಾಗಾದರೆ ಹಾವು ಕಡಿದಿರಬೇಕು, ಇಲ್ಲವೇ ಮಾತ್ರೆ. ಗುರುತಿಗಾಗಿ ಮೈಯೆಲ್ಲ ಹುಡುಕಿದರು. ಹಾಸ್ಟೆಲಿನಲ್ಲಿ ಅವಳ ಪೆಟ್ಟಿಗೆ ಜಾಲಾಡಿದರು. ಒಂದು ಬಾಚಣಿಗೆ, ಒಂದು ಕಪ್ಪಿನ ಮುರಿದ ಹಿಡಿ, ಪುಸ್ತಕಗಳು.

“ಏನು ನುಂಗಿದಿ ಹೇಳವ್ವಾ,” ಎಂದು ಮಹಾದೇವಿ ಮಂಚದ ಪಕ್ಕ ನಿಂತು ಗದರಿದಳು, ಅತ್ತಳು, ಮತ್ತೆ ಗದರಿದಳು. “ಬಲ ಬರ್ಲಿ ಅಂತ ಗುಳಗಿ ನುಂಗೀದಿ ಅಂತಾರ. ಖರೇನ? ನನ್ನ ಮುಂದರ ಹೇಳು.”

ದಾಕ್ಷಿಗೆ ಎಚ್ಚರವಿತ್ತು. ಕಸ್ತೂರಿಯ ರೈಲು ಇನ್ನೂ ಮುಟ್ಟಿರಲಿಲ್ಲ. ಮುಟ್ಟಲು ಎರಡು ದಿನ ಬೇಕು. ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು.

ಆ ಎರಡು ದಿನಗಳಲ್ಲಿ ವೈದ್ಯರು ಊದಿದ ತೊಡೆಗಳನ್ನು ಉದ್ದಕ್ಕೆ ಸೀಳಿ ಒತ್ತಡ ಬಿಟ್ಟರು. ಒಳಗಿನ ಮಾಂಸ ಬೇಯಿಸಿದ ಹಾಗೆ ಬಿಳಿಚಿತ್ತು. ಸತ್ತದ್ದನ್ನು ಕತ್ತರಿಸಿ ತೆಗೆದರು.

ಸತ್ಯ ಹೊರಬಿದ್ದದ್ದು ಕಸ್ತೂರಿಯ ತೊಡೆಯಿಂದ. ಶಿಬಿರದಲ್ಲಿ ಅವಳನ್ನು ಮತ್ತೆ ಪರೀಕ್ಷೆಗೆ ಕೂರಿಸಿ ಗೆರೆಯನ್ನು ಧಾರವಾಡಕ್ಕೆ ಕಳಿಸಿದರು. ಪ್ರತಿ ತೊಡೆಯ ಜಿಗಿತಕ್ಕೂ ತನ್ನದೇ ಆಕಾರ ಇರುತ್ತದೆ. ಕೆಲವು ಬೇಗ ಏರುತ್ತವೆ, ಕೆಲವು ಇಳಿಯುವಾಗ ಸಣ್ಣಗೆ ನಡುಗುತ್ತವೆ. ಫೋನಿನಲ್ಲಿ ಕೇಳಿದ ದನಿಯಂತೆ ಅದನ್ನು ಗುರುತಿಸಬಹುದು. ಕಸ್ತೂರಿಯ ಗೆರೆ ಇಳಿಯುವಾಗ ಒಂದು ಸಣ್ಣ ಗಂಟು ಬರುತ್ತಿತ್ತು. ಆ ಗಂಟನ್ನು ಡಾಕ್ಟರ್ ಮುತಾಲಿಕ್ ಎಲ್ಲೋ ನೋಡಿದ್ದರು. ಮಂಡಳಿಗೆ ತೋರಿಸಲು ದೊಡ್ಡದು ಮಾಡಿ ಗೋಡೆಗೆ ಹಚ್ಚಿದ್ದ ಹದಿನೇಳನೇ ನಂಬರಿನ ಚಿತ್ರದಲ್ಲಿ ಅದು ಇತ್ತು.

ಅವರು ಮೇಜಿನ ಮುಂದೆ ಕೂತು ಎರಡು ಗೆರೆಗಳನ್ನೂ ಒಂದರ ಮೇಲೊಂದು ಇಟ್ಟರು. ಒಂದೇ ಗೆರೆಯಾಯಿತು.

ಆಮೇಲೆ ಅವರು ಹದಿನೇಳರ ಹಳೆಯ ಕಡತಗಳನ್ನು ತೆಗೆಸಿದರು. ಮೊದಲ ವರ್ಷ ಇನ್ನೊಂದು ಅಂಕೆಯನ್ನೂ ಅಳೆಯುತ್ತಿದ್ದರು. ಹುಡುಗಿ ತಾನಾಗಿಯೇ ಶಕ್ತಿಯಿದ್ದಷ್ಟು ಎಳೆಯುವಾಗ ನಡುವೆ ಸುರುಳಿಯ ಹೊಡೆತ ಕೊಡುವುದು. ಆಗ ಎಳೆತ ಹೆಚ್ಚಾದರೆ ಅವಳು ಒಳಗೆ ಅಷ್ಟನ್ನು ಉಳಿಸಿಕೊಂಡಿದ್ದಳು ಎಂದರ್ಥ. ಎಲ್ಲರೂ ಉಳಿಸಿಕೊಳ್ಳುತ್ತಾರೆ, ದೇಹ ತನ್ನನ್ನು ತಾನು ಕಾಯುವ ರೀತಿ ಅದು. ಇಪ್ಪತ್ಮೂರನೇ ನಂಬರು ನೂರರಲ್ಲಿ ಮೂವತ್ತು ಉಳಿಸಿಕೊಂಡಿತ್ತು. ಹದಿನೇಳನೇ ನಂಬರಿನ ಎದುರು ಸೊನ್ನೆ ಇತ್ತು. ಅಂಥ ಸೊನ್ನೆಯನ್ನು ಅವರು ಆಗ ಉಪಕರಣದ ತಪ್ಪೆಂದು ತಿಳಿದಿದ್ದರು. ಉಪಯೋಗವಿಲ್ಲದ ಅಳತೆ ಎಂದು ಮರುವರ್ಷ ಅದನ್ನೇ ಕೈಬಿಟ್ಟಿದ್ದರು.

ಅವರು ಆಸ್ಪತ್ರೆಗೆ ಹೋದರು. ಕೈಯಲ್ಲಿ ಸಣ್ಣ ಸುರುಳಿಯ ಪೆಟ್ಟಿಗೆ ಇತ್ತು. ಮೊದಲ ಸಲ ಅವರು ಹದಿನೇಳನೇ ನಂಬರಿನ ಮುಖ ನೋಡಿದರು. ಸಣ್ಣ ಹಣೆ, ತುಟಿಯ ಮೇಲೆ ಹಳೆಯ ಗಾಯದ ಗುರುತು.

“ನೀನು ಕೂತಿರಲಿಲ್ಲ,” ಎಂದರು.

“ಅಕಿ ಮುಟ್ಟಿದ್ಳೇನ್ರಿ?” ಎಂದು ದಾಕ್ಷಿ ಕೇಳಿದಳು.

“ಮುಟ್ಟಿದ್ಳು. ನಿನ್ನೆ ವಾಪಸ್ ಕಳಿಸ್ಯಾರ.”

ಮಹಾದೇವಿ ಡಾಕ್ಟರಿಗೆ ಕೂರಲು ಸ್ಟೂಲು ಎಳೆದಳು. ಇವರು ಯಾರು ಎಂಬುದು ಅವಳಿಗೆ ಗೊತ್ತಿರಲಿಲ್ಲ. “ದೊಡ್ಡ ಡಾಕ್ಟರ್ ಇದ್ದೀರಿ, ಕಾಲು ಬರ್ತಾವೇನ್ರಿ ನೋಡ್ರಿ,” ಎಂದಳು.

ಡಾಕ್ಟರ್ ಸುರುಳಿಯನ್ನು ತೊಡೆಸಂದಿಯ ಮೇಲೆ ಇಟ್ಟು ಒತ್ತಿದರು. ಪಟ್ ಎಂದಿತು. ಕಾಲು ಅಲುಗಲಿಲ್ಲ. ಪೂರ್ತಿ ಶಕ್ತಿಗೆ ಏರಿಸಿ ಒತ್ತಿದರು. ಹೊದಿಕೆ ಇದ್ದ ಹಾಗೆಯೇ ಇತ್ತು.

“ಬರ್ತಾವೇನ್ರಿ?” ಎಂದು ಮಹಾದೇವಿ ಇನ್ನೊಮ್ಮೆ ಕೇಳಿದಳು.

ಡಾಕ್ಟರ್ ಪೆಟ್ಟಿಗೆ ಮುಚ್ಚಿದರು.

ಮಂಡಳಿ ವಿಚಾರಣೆ ನಡೆಸಿತು. ಕುರ್ಚಿಯಲ್ಲಿ ದೋಷವಿಲ್ಲ, ನಿಯಮ ಮುರಿದವರು ಹುಡುಗಿಯರು ಎಂದಾಯಿತು. ಅಂದಿನಿಂದ ಕುರ್ಚಿಗೆ ಹೆಬ್ಬೆರಳು ಒತ್ತಿಯೇ ಕೂರಬೇಕು. ಹದಿನೇಳರ ಅಂಕೆಗಳು ಕೆಟ್ಟಿವೆ ಎಂದು, ಆ ಸೊನ್ನೆಯ ಸಮೇತ, ಲೆಕ್ಕದಿಂದ ತೆಗೆದುಹಾಕಿದರು. ಸರಾಸರಿ ಏರಿತು. ಕಸ್ತೂರಿ ತಾಂಡಾಕ್ಕೆ ಹೋದಳು, ಆ ಚಳಿಗಾಲ ಕಬ್ಬು ಕಡಿಯುವ ಲಾರಿ ಹತ್ತಿದಳು. ದಾಕ್ಷಿಯನ್ನು ನೋಡಲು ಬರಲಿಲ್ಲ. ದಾಕ್ಷಿ ಖಾನಾವಳಿಯ ಒಲೆಯ ಪಕ್ಕ ಗಾಲಿಕುರ್ಚಿಯಲ್ಲಿ ಕೂತು ಹಿಟ್ಟು ನಾದುತ್ತಾಳೆ. ವಾರಕ್ಕೆ ಮೂರು ಸಲ ಅವಳನ್ನು ರಕ್ತ ಸೋಸಲು ಆಸ್ಪತ್ರೆಗೆ ಒಯ್ಯುತ್ತಾರೆ. ಗಿರಾಕಿಗಳು ಕಪ್ಪುಗಳನ್ನು ನೋಡಿ ಯಾರದ್ದು ಎಂದು ಕೇಳುತ್ತಾರೆ.

ವರ್ಷದ ಕೊನೆಗೆ ಮದ್ದಿನಹಾಳದ ಹಾಸ್ಟೆಲಿನಲ್ಲಿ ಸಾಮಾನುಗಳ ಲೆಕ್ಕ ತೆಗೆದರು. ಸೈಕಲ್ಲುಗಳು ಅಷ್ಟೂ ಇದ್ದವು. ಕುರ್ಚಿಗಳು ಇದ್ದವು, ಸುರುಳಿಗಳು ಇದ್ದವು. ಆ ಲೆಕ್ಕಕ್ಕೆ ಬಾರದೆ ಹೋದದ್ದು ಎರಡು ಮೂತ್ರಪಿಂಡ, ಎರಡು ತೊಡೆಗಳ ಮುಂಭಾಗದ ಎಂಟು ಸ್ನಾಯುಗಳಲ್ಲಿ ಏಳು, ಇಬ್ಬರು ಹುಡುಗಿಯರು.